ಖಾಲಿ ಪಟ್ಟಿಯ ಗುರುತು

ನಮ್ಮ ಮನೆಗಳಲ್ಲಿ ತಿಂಗಳ ಸಾಮಾನಿನ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ 'ಅರಿಶಿನ' ಎಂದು ಬರೆಯುವ ವಾಡಿಕೆಯುಂಟು. ಡಬ್ಬಿಯ ತುಂಬ ಅರಿಶಿನವಿದ್ದರೂ ಸರಿಯೆ, ಪಟ್ಟಿ ಅಲ್ಲಿಂದಲೇ ಮೊದಲಾಗಬೇಕು. ಅದು ಮಂಗಳದ್ರವ್ಯವೆಂಬುದು ಹಿರಿಯರು ಕೊಡುವ ಕಾರಣ. ಈ ವಾಡಿಕೆಯ ಇನ್ನೊಂದು ಪರಿಣಾಮ ನನಗೆ ಹೊಳೆದದ್ದು ಬಹಳ ತಡವಾಗಿ: ಹೀಗೆ ಬರೆದ ಪಟ್ಟಿ ಎಂದೂ ಖಾಲಿಯಾಗಿರಲು ಸಾಧ್ಯವಿಲ್ಲ. ಏನೂ ಬೇಡವಾದ ತಿಂಗಳಿನಲ್ಲಿಯೂ ಒಂದು ಸಾಲು ಇದ್ದೇ ಇರುತ್ತದೆ. ಬರಿಯ ಹಾಳೆಯನ್ನು ಅಂಗಡಿಗೆ ಕಳುಹಿಸುವ ಪ್ರಸಂಗವನ್ನು ನಮ್ಮ ಅಜ್ಜಿಯರು ಉಪಾಯವಾಗಿ ತಪ್ಪಿಸಿಬಿಟ್ಟಿದ್ದರು.

ಪಟ್ಟಿಯ ತಲೆಯ ಮಾತು ಇದಾದರೆ ಬುಡದ ಮಾತು ಬೇರೆ. ನಾನು ಹುಡುಗನಾಗಿದ್ದಾಗ ರಾಜಾಜಿನಗರದ ನಮ್ಮ ಬೀದಿಯ ತಿರುವಿನಲ್ಲಿ ಒಂದು ದಿನಸಿ ಅಂಗಡಿಯಿತ್ತು. ಅದರ ಯಜಮಾನರಾದ ಶೆಟ್ಟರು, ಹುಡುಗರು ತಂದ ಪಟ್ಟಿಯ ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಇಲ್ಲದಿದ್ದರೆ ಸಾಮಾನು ಕಟ್ಟುತ್ತಿರಲಿಲ್ಲ. "ಅಮ್ಮನ ಕೈಲಿ ಗೆರೆ ಹಾಕಿಸಿಕೊಂಡು ಬಾರಪ್ಪ" ಎಂದು ಹಿಂದಕ್ಕಟ್ಟುತ್ತಿದ್ದರು. ಇದಕ್ಕೆ ಕಾರಣ ನನ್ನಂಥವರೇ. ಅಮ್ಮ ಗೆರೆ ಎಳೆಯಲು ಮರೆತ ಒಂದು ದಿನ ನಾನು ದಾರಿಯಲ್ಲಿ ನಿಂತು, ಆಕೆಯ ಅಕ್ಷರವನ್ನು ಸಾಧ್ಯವಾದಷ್ಟು ಅನುಕರಿಸಿ, 'ಪೆಪ್ಪರಮೆಂಟು ನಾಲ್ಕಾಣೆಯದು' ಎಂದು ಸೇರಿಸಿದ್ದೆ. ಗೆರೆಯಿಲ್ಲದ ಪಟ್ಟಿ ಇನ್ನೂ ಮುಗಿಯದ ಪಟ್ಟಿ; ಯಾರು ಬೇಕಾದರೂ ಅದನ್ನು ಮುಂದುವರಿಸಬಹುದು ಎಂಬ ತತ್ತ್ವವನ್ನು ನಾನು ಕಲಿತದ್ದು ಹಾಗೆ, ಮತ್ತು ಆ ಸಂಜೆ ಬೆನ್ನಿನ ಮೇಲೆ.

ಈ ಹೊತ್ತು ನಾನು ಹೇಳಹೊರಟಿರುವುದು ಆ ಅಡ್ಡಗೆರೆಯ ವಿಷಯವನ್ನೇ. ಆದರೆ ಅಂಗಡಿಯ ಪಟ್ಟಿಯಲ್ಲಿ ಅಲ್ಲ, ಗಣಕಯಂತ್ರದ ಒಂದು ಭಾಷೆಯಲ್ಲಿ. ಗಣಕ ಎಂದೊಡನೆ ಸಾಹಿತ್ಯಪ್ರಿಯರು ಗಾಬರಿಯಾಗಬೇಕಾಗಿಲ್ಲ. ಇದು ವ್ಯಾಕರಣದ ಆಸೆಯಿಂದಲೇ ಹುಟ್ಟಿದ ಭಾಷೆ.

1972ರಲ್ಲಿ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಅಲೇನ್ ಕೋಲ್ಮರೋಯರ್ ಮತ್ತು ಫಿಲಿಪ್ ರುಸೆಲ್ ಎಂಬಿಬ್ಬರು, ಫ್ರೆಂಚ್ ವಾಕ್ಯಗಳನ್ನು ಯಂತ್ರಕ್ಕೆ ಅರ್ಥಮಾಡಿಸುವ ಪ್ರಯತ್ನದಲ್ಲಿ, ಎಡಿನ್‌ಬರೋದ ರಾಬರ್ಟ್ ಕೋವಾಲ್ಸ್ಕಿಯವರ ತರ್ಕವಿಚಾರಗಳ ನೆರವಿನಿಂದ ಒಂದು ಭಾಷೆಯನ್ನು ಕಟ್ಟಿದರು. ಅದರ ಹೆಸರು ಪ್ರೋಲಾಗ್. 'ತರ್ಕದಲ್ಲಿ ಕ್ರಮವಿಧಿ ರಚನೆ' ಎಂಬರ್ಥದ ಫ್ರೆಂಚ್ ಮಾತುಗಳ ಮೊದಲ ತುಣುಕುಗಳಿಂದ ಆದ ಹೆಸರು ಅದು. ಬೇರೆ ಗಣಕಭಾಷೆಗಳಲ್ಲಿ ನಾವು ಯಂತ್ರಕ್ಕೆ 'ಹೀಗೆ ಮಾಡು, ಆಮೇಲೆ ಹೀಗೆ ಮಾಡು' ಎಂದು ಅಪ್ಪಣೆ ಕೊಡುತ್ತ ಹೋಗುತ್ತೇವೆ. ಪ್ರೋಲಾಗಿನಲ್ಲಿ ಹಾಗಲ್ಲ. ಸೀತಮ್ಮನ ಮಗ ರಾಮಣ್ಣ. ರಾಮಣ್ಣನ ಮಗಳು ಗೌರಿ. ಮಗನ ಮಗಳು ಮೊಮ್ಮಗಳು: ಹೀಗೆ ಸಂಗತಿಗಳನ್ನೂ ಸೂತ್ರಗಳನ್ನೂ ಹೇಳಿಟ್ಟು, ಸೀತಮ್ಮನ ಮೊಮ್ಮಗಳು ಯಾರು ಎಂದು ಕೇಳುತ್ತೇವೆ. ಯಂತ್ರ ತಾನೇ ಸಾಧಿಸಿ ನೋಡಿ ಗೌರಿ ಎನ್ನುತ್ತದೆ. ಒಂದು ದಾರಿ ಮುಚ್ಚಿದರೆ ಹಿಂದಕ್ಕೆ ಬಂದು ಇನ್ನೊಂದು ದಾರಿ ಹಿಡಿಯುತ್ತದೆ.

ಈ ಭಾಷೆಯಲ್ಲಿ ಒಂದಕ್ಕಿಂತ ಹೆಚ್ಚು ವಸ್ತುಗಳನ್ನು ಒಟ್ಟಿಗೆ ಹೇಳಬೇಕಾದಾಗ ಪಟ್ಟಿ ಮಾಡುತ್ತೇವೆ. ನಮ್ಮ ಕಣ್ಣಿಗೆ ಪಟ್ಟಿಯೆಂದರೆ ಒಂದರ ಕೆಳಗೊಂದು ಸಾಲು. ಯಂತ್ರದ ಸ್ಮೃತಿಯಲ್ಲಿ ಅದು ಹಾಗಿಲ್ಲ. ಅಲ್ಲಿ ಪ್ರತಿಯೊಂದು ಪಟ್ಟಿಯೂ ಎರಡು ಖಾನೆಯ ಪೆಟ್ಟಿಗೆಗಳ ಸರಪಣಿ. ಮೊದಲ ಖಾನೆಯಲ್ಲಿ ವಸ್ತು, ಎರಡನೆಯ ಖಾನೆಯಲ್ಲಿ ಮುಂದಿನ ಪೆಟ್ಟಿಗೆ ಎಲ್ಲಿದೆಯೆಂಬ ವಿಳಾಸ. ಮೊದಲನೆಯದನ್ನು ಪಟ್ಟಿಯ ತಲೆಯೆಂದೂ ಉಳಿದುದನ್ನು ಬಾಲವೆಂದೂ ಕರೆಯುತ್ತಾರೆ. ಬಾಲವೂ ಒಂದು ಪಟ್ಟಿಯೇ, ಅದಕ್ಕೂ ತಲೆಬಾಲಗಳುಂಟು. ಅಕ್ಕಿ, ಬೇಳೆ, ಬೆಲ್ಲ ಎಂಬ ಪಟ್ಟಿಯೆಂದರೆ ಅಕ್ಕಿಯ ಹಿಂದೆ 'ಬೇಳೆ, ಬೆಲ್ಲ' ಎಂಬ ಪಟ್ಟಿ. ಬೇಳೆಯ ಹಿಂದೆ 'ಬೆಲ್ಲ' ಎಂಬ ಒಂದೇ ವಸ್ತುವಿನ ಪಟ್ಟಿ. ಸರಿ, ಬೆಲ್ಲದ ಹಿಂದೆ ಏನು? ಬೆಲ್ಲದ ಪೆಟ್ಟಿಗೆಗೂ ಎರಡನೆಯ ಖಾನೆಯೊಂದು ಇದೆಯಲ್ಲ, ಅದರಲ್ಲಿ ಏನನ್ನು ಇಡಬೇಕು?

ಅಲ್ಲಿ ಇಡುವುದೇ ಖಾಲಿ ಪಟ್ಟಿ. ಎರಡು ಚೌಕ ಆವರಣಗಳನ್ನು ನಡುವೆ ಏನೂ ಇಲ್ಲದೆ ಎದುರುಬದುರಾಗಿ ಬರೆದರೆ ಅದರ ಗುರುತು: [ ]. ನಮ್ಮ ಶೆಟ್ಟರು ಕೇಳುತ್ತಿದ್ದ ಗೆರೆ ಇದು. ಹೀಗಾಗಿ ಖಾಲಿ ಪಟ್ಟಿ ಎಂಬುದು ಎಲ್ಲೋ ಅಪರೂಪಕ್ಕೆ ಬರುವ ವಿಚಿತ್ರ ಪ್ರಸಂಗವಲ್ಲ. ಲೋಕದ ಪ್ರತಿಯೊಂದು ಮುಗಿದ ಪಟ್ಟಿಯ ಬುಡದಲ್ಲಿಯೂ ಅದು ಕುಳಿತಿದೆ. ಏನೂ ಬೇಡವಾದ ತಿಂಗಳ ಪಟ್ಟಿಯೆಂದರೆ ಸಾಲುಗಳಿಲ್ಲದೆ ಗೆರೆಯೊಂದೇ ಉಳಿದ ಪಟ್ಟಿ. ಪಟ್ಟಿಯಲ್ಲಿ ಎಷ್ಟು ವಸ್ತುಗಳಿವೆ ಎಂದು ಎಣಿಸಲು ಪ್ರೋಲಾಗಿಗೆ ಎರಡೇ ವಾಕ್ಯ ಸಾಕು: ಖಾಲಿ ಪಟ್ಟಿಯ ಎಣಿಕೆ ಸೊನ್ನೆ, ಬೇರಾವುದೇ ಪಟ್ಟಿಯ ಎಣಿಕೆ ಅದರ ಬಾಲದ ಎಣಿಕೆಗಿಂತ ಒಂದು ಹೆಚ್ಚು. ಮೊದಲನೆಯ ವಾಕ್ಯವನ್ನು ಬಿಟ್ಟುಬಿಟ್ಟರೆ ಎರಡನೆಯದಕ್ಕೆ ಕಾಲೂರುವ ನೆಲವಿಲ್ಲ.

ಇನ್ನೊಂದು ಸ್ವಾರಸ್ಯ. ಯಂತ್ರದೊಳಗೆ ಖಾಲಿ ಪಟ್ಟಿ ಒಂದೇ ಒಂದು. ಪ್ರತಿ ಪಟ್ಟಿಗೂ ಬೇರೆ ಬೇರೆ ಗೆರೆಯನ್ನು ತಯಾರಿಸಬೇಕಾಗಿಲ್ಲ. ಅದೇ ಒಂದು ಗುರುತನ್ನು ಎಲ್ಲ ಕಡೆಯೂ ಇಟ್ಟರಾಯಿತು. ಸಾಲಗಾರರ ಖಾಲಿ ಪಟ್ಟಿಯೂ ಮಕ್ಕಳ ಖಾಲಿ ಪಟ್ಟಿಯೂ ಅಲ್ಲಿ ಸರ್ವಸಮ. ಮನುಷ್ಯರ ಮನೆಗಳಲ್ಲಿ ಇವೆರಡೂ ಒಂದೇ ಅಲ್ಲವೆಂಬುದು ಯಂತ್ರಕ್ಕೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಅದಕ್ಕಿಲ್ಲ.

1977ರ ಸುಮಾರಿಗೆ ಎಡಿನ್‌ಬರೋದಲ್ಲಿ ಡೇವಿಡ್ ವಾರೆನ್ ಎಂಬುವರು ಪ್ರೋಲಾಗನ್ನು ವೇಗವಾಗಿ ನಡೆಸುವ ಸಾಧನವನ್ನು ರಚಿಸಿದರು. 1983ರಲ್ಲಿ ಅದಕ್ಕಾಗಿಯೇ ಒಂದು ಕಾಲ್ಪನಿಕ ಯಂತ್ರದ ನಕ್ಷೆಯನ್ನು ಬರೆದರು. ಇಂದಿಗೂ ಹಲವು ಪ್ರೋಲಾಗ್‌ಗಳು ಆ ನಕ್ಷೆಯನ್ನೇ ಅನುಸರಿಸುತ್ತವೆ. ಅದರಲ್ಲಿ ಪ್ರತಿ ಖಾನೆಗೂ ಒಂದು ಸಣ್ಣ ಚೀಟಿ ಅಂಟಿಸಿರುತ್ತದೆ ಎನ್ನಿ: ಇದು ಪಟ್ಟಿಯ ವಿಳಾಸ, ಇದು ಅಂಕಿ, ಇದು ಹೆಸರು, ಇದು ಇನ್ನೂ ತಿಳಿಯದ್ದು. ಖಾಲಿ ಪಟ್ಟಿಯನ್ನು ಗುರುತಿಸಲು ಆ ನಕ್ಷೆಯಲ್ಲಿ ಪ್ರತ್ಯೇಕ ಆದೇಶಗಳೇ ಇವೆ. ಅಷ್ಟು ಮೇಲಿಂದ ಮೇಲೆ ಅದು ಬೇಕಾಗುತ್ತದೆ. 'ಇನ್ನೂ ತಿಳಿಯದ್ದು' ಎಂಬುದನ್ನು ವಾರೆನ್ನರು ತೋರಿಸಿದ ರೀತಿ ನನಗೆ ಬಹಳ ಹಿಡಿಸಿತು. ಆ ಖಾನೆಯಲ್ಲಿ ಅದರ ಸ್ವಂತ ವಿಳಾಸವನ್ನೇ ಬರೆದಿರುತ್ತಾರೆ. ದಾರಿ ತಪ್ಪಿದ ಮಗುವನ್ನು "ನಿನ್ನ ಮನೆ ಎಲ್ಲಿ ಮಗು?" ಎಂದು ಕೇಳಿದರೆ "ನಮ್ಮ ಮನೆ ಇರೋ ಕಡೆ" ಎನ್ನುವುದಿಲ್ಲವೆ, ಹಾಗೆ.

ಈಗ ವಿಷಯದ ಗಂಟಿಗೆ ಬಂದೆವು. ಒಂದು ಪ್ರಶ್ನೆ ಕೇಳಿದಾಗ 'ಏನೂ ಇಲ್ಲ' ಎಂಬಂತೆ ತೋರುವ ಉತ್ತರಗಳು ಮೂರು ಬಗೆ. ಹುಡುಕಿದ್ದಾಯಿತು, ಏನೂ ಇಲ್ಲವೆಂದು ಗೊತ್ತಾಯಿತು: ಇದು ಖಾಲಿ ಪಟ್ಟಿ. ಇನ್ನೂ ಹುಡುಕಿಲ್ಲ: ಇದು ತನ್ನ ವಿಳಾಸವನ್ನೇ ಹೊತ್ತು ಕುಳಿತ ಖಾನೆ. ನೀವು ಕೇಳಿದ್ದನ್ನು ಸಾಧಿಸಲು ನನ್ನಿಂದಾಗಲಿಲ್ಲ: ಇದು ಸೋಲು, ಇದಕ್ಕೆ ಖಾನೆಯೇ ಇಲ್ಲ, ಯಂತ್ರ ಹಿಂದಕ್ಕೆ ತಿರುಗುತ್ತದೆ. ಹಳೆಯ ಎಡಿನ್‌ಬರೋ ಪ್ರೋಲಾಗ್ ಸೋತಾಗ 'ನೋ' ಎಂದಷ್ಟೇ ಮುದ್ರಿಸುತ್ತಿತ್ತು. ಆ 'ನೋ' ಎಂಬುದರ ಅರ್ಥ 'ಸುಳ್ಳು' ಎಂದಲ್ಲ. 'ನನಗೆ ಹೇಳಿರುವುದರಿಂದ ಇದು ಸಿದ್ಧವಾಗಲಿಲ್ಲ' ಎಂದು ಮಾತ್ರ. 1978ರಲ್ಲಿ ಕೀತ್ ಕ್ಲಾರ್ಕ್ ಎಂಬ ವಿದ್ವಾಂಸರು ಈ ನಿರಾಕರಣೆಗೆ ಯಾವ ಷರತ್ತಿನಲ್ಲಿ ತರ್ಕದ ಬೆಂಬಲವುಂಟೆಂದು ವಿವರಿಸಿದರು. ನಮ್ಮ ಭಾಷೆ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಚುರುಕು. ಇಂಗ್ಲಿಷಿನ ಒಂದು 'ನೋ' ಎಂಬ ಕಡೆ ನಮಗೆ 'ಇಲ್ಲ' ಬೇರೆ, 'ಅಲ್ಲ' ಬೇರೆ. ಮನೆಯಲ್ಲಿ ಯಾರೂ ಇಲ್ಲ ಎನ್ನುವುದಕ್ಕೂ ಇದು ಅವರ ಮನೆಯಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಎರಡು ವರ್ಷದ ಕೂಸೂ ಬಲ್ಲದು.

ಪ್ರೋಲಾಗಿನವರೊಳಗೇ ಇದರ ಬಗ್ಗೆ ಭಿನ್ನಮತವುಂಟು. ಒಂದು ಪ್ರಶ್ನೆಯ ಎಲ್ಲ ಉತ್ತರಗಳನ್ನೂ ಕೂಡಿಸಿ ಪಟ್ಟಿ ಮಾಡಿಕೊಡುವ ಎರಡು ಸಾಧನಗಳು ಆ ಭಾಷೆಯಲ್ಲಿವೆ. ಒಂದರ ಹೆಸರು ಫೈಂಡ್‌ಆಲ್, ಇನ್ನೊಂದರದು ಬ್ಯಾಗ್‌ಆಫ್. ಗೌರಿಯ ಮಕ್ಕಳೆಲ್ಲರ ಪಟ್ಟಿ ಕೊಡು ಎಂದಾಗ ಗೌರಿಗೆ ಮಕ್ಕಳಿಲ್ಲದಿದ್ದರೆ ಮೊದಲನೆಯದು ಖಾಲಿ ಪಟ್ಟಿಯನ್ನು ಕೈಗಿಡುತ್ತದೆ, ಎರಡನೆಯದು ಸೋಲುತ್ತದೆ. ಎರಡನೆಯದರ ನಡತೆ ಮೇಲ್ನೋಟಕ್ಕೆ ಒರಟುತನವೆಂದು ಕಾಣುತ್ತದೆ. ಆದರೆ ಅದರ ಪರವಾಗಿಯೂ ಹೇಳುವುದಿದೆ. ಗೌರಿ ಎಂದು ಹೆಸರಿಸದೆ, 'ಯಾರ ಮಕ್ಕಳ ಪಟ್ಟಿ ಏನೇನು?' ಎಂದು ಕೇಳಿದೆವೆನ್ನಿ. ಖಾಲಿ ಪಟ್ಟಿಯೂ ಸಲ್ಲುವ ಉತ್ತರವಾದರೆ ಮಕ್ಕಳಿಲ್ಲದವರನ್ನೆಲ್ಲ ಹೆಸರಿಸುತ್ತ ಹೋಗಬೇಕು. ಮನುಷ್ಯರಷ್ಟೇ ಏಕೆ, ಮೇಜುಕುರ್ಚಿಗಳಿಗೂ ಮಕ್ಕಳಿಲ್ಲ. ಆ ಎಣಿಕೆಗೆ ಕೊನೆಯೆಲ್ಲಿ? ಎಂದರೆ, ಇಂಥವರನ್ನು ಕುರಿತು ಕೇಳುತ್ತಿದ್ದೇನೆ ಎಂದು ಗೊತ್ತುಮಾಡಿಕೊಂಡ ಮೇಲೆಯೇ 'ಏನೂ ಇಲ್ಲ' ಎಂಬುದಕ್ಕೆ ಅರ್ಥ ಬರುತ್ತದೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವಿಭಾಗದ ಗುಮಾಸ್ತನಾಗಿದ್ದೆ. ಕೆಂಗೇರಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಲೇತ್ ಕೆಲಸದ ಹಿರಿಯರೊಬ್ಬರು ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅವರ ಬಾಬ್ತು ಬರಬೇಕಾಗಿದ್ದ ಹಣಕ್ಕಾಗಿ ಕಡತ ತೆಗೆದು ನೋಡಿದರೆ, 'ಅವಲಂಬಿತರು' ಎಂಬ ಅಂಕಣದಲ್ಲಿ ಏನೂ ಬರೆದಿರಲಿಲ್ಲ. ಅವಲಂಬಿತರು ಯಾರೂ ಇಲ್ಲವೆಂದು ಹಾಗೆ ಬಿಟ್ಟರೋ, ಆಮೇಲೆ ಬರೆಯೋಣವೆಂದು ಬಿಟ್ಟರೋ, ಅಥವಾ ಆ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದವರೇ ಇರಲಿಲ್ಲವೋ? ಮೂರಕ್ಕೂ ಕಾಗದದ ಮೇಲೆ ಒಂದೇ ರೂಪ. ಅವರ ವಿಧವೆ ತಂಗಿಯೊಬ್ಬಾಕೆ ಅಣ್ಣನ ಆಸರೆಯಲ್ಲೇ ಇದ್ದವರು. ತಿಂಗಳಿಗೊಮ್ಮೆ ಬಟ್ಟೆಯ ಕೈಚೀಲದಲ್ಲಿ ಕಾಗದಪತ್ರಗಳನ್ನು ಇಟ್ಟುಕೊಂಡು ಬಂದು, ನನ್ನ ಮೇಜಿನ ಮುಂದೆ ಕೂರದೆ ನಿಂತಿರುತ್ತಿದ್ದರು. "ಏನಾದ್ರೂ ಆಯ್ತಾ ಸ್ವಾಮಿ?" ಎಂದು ಒಂದೇ ಮಾತು. ಅಂಕಣ ಖಾಲಿಯಿರುವುದರಿಂದ ಅವಲಂಬಿತರಿಲ್ಲವೆಂದೇ ತಿಳಿಯತಕ್ಕದ್ದೆಂದು ಒಬ್ಬ ಅಧಿಕಾರಿ ಟಿಪ್ಪಣಿ ಬರೆದರೆ, ಖಾಲಿಯಿರುವುದರಿಂದ ಏನನ್ನೂ ತಿಳಿಯತಕ್ಕದ್ದಲ್ಲವೆಂದು ಇನ್ನೊಬ್ಬರು ಬರೆದರು. ತರ್ಕಕ್ಕೆ ಎರಡನೆಯವರದೇ ಸರಿ, ಆದರೆ ಆಕೆಗೆ ಅದರಿಂದ ಬಂದ ಭಾಗ್ಯವೇನು? ಹಣ ಕೈಸೇರಲು ಎರಡು ವರ್ಷವಾಯಿತು. ಆ ನಮೂನೆಯನ್ನು ತೆಗೆದುಕೊಂಡು 'ಪರಿಶೀಲಿಸಿದೆ' ಎಂದು ರುಜು ಹಾಕಿದ್ದವನು ನಾನೇ.

ಸರ್ಕಾರಿ ಕಚೇರಿಗಳಲ್ಲಿ 'ನಿಲ್ ರಿಪೋರ್ಟ್' ಎಂಬುದನ್ನು ನೀವು ಕೇಳಿರಬಹುದು. ವರದಿ ಮಾಡಲು ಏನೂ ಇಲ್ಲದಿದ್ದರೂ ಏನೂ ಇಲ್ಲವೆಂದು ವರದಿ ಮಾಡಬೇಕು. ಹಿಂದೆ ನಾನು ಇದನ್ನು ಕಂಡು ನಕ್ಕವನೇ. ಆದರೆ ಪೋಲಿಯೋ ರೋಗವನ್ನು ನಮ್ಮ ದೇಶದಿಂದ ಓಡಿಸಿದವರಿಗೆ ಇದು ನಗೆಯ ಮಾತಾಗಿರಲಿಲ್ಲ. 1997ರಿಂದ ನಡೆದ ಆ ಕಣ್ಗಾವಲಿನಲ್ಲಿ ಆಸ್ಪತ್ರೆಗಳು ವಾರವಾರವೂ, ಹಠಾತ್ತನೆ ಕೈಕಾಲಿನ ಬಲ ಕಳೆದುಕೊಂಡ ಮಕ್ಕಳು ಯಾರೂ ಬಾರದಿದ್ದರೂ, 'ಸೊನ್ನೆ' ಎಂದು ಬರೆದು ಕಳುಹಿಸಬೇಕಾಗಿತ್ತು. ಮೌನವನ್ನು ಆರೋಗ್ಯವೆಂದು ಎಣಿಸಲು ಅವರು ಸಿದ್ಧರಿರಲಿಲ್ಲ. ದೇಶದ ಕೊನೆಯ ರೋಗಿ ಪಶ್ಚಿಮ ಬಂಗಾಳದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ನಮ್ಮ ವಲಯ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆತದ್ದು 2014ರ ಮಾರ್ಚ್ 27ರಂದು. ನಡುವಿನ ಮೂರು ವರ್ಷಗಳಲ್ಲಿ ರೋಗ ಹೋಗಿದೆಯೆಂಬುದಕ್ಕೆ ಸಾಕ್ಷಿಯಾಗಿ ನಿಂತವುಗಳಲ್ಲಿ ಆ ಸೊನ್ನೆಯ ಚೀಟಿಗಳೂ ಸೇರಿದ್ದವು.

ಖಾಲಿಗೆ ಒಂದು ಗುರುತು ಬೇಕೆಂಬುದನ್ನು ಒಪ್ಪಿಕೊಂಡೆವು. ಯಾವ ಗುರುತು? ಇಲ್ಲಿ ಪ್ರೋಲಾಗನ್ನು ಕಟ್ಟಿದವರು ಎಡವಿದ ಕತೆ ಸೊಗಸಾಗಿದೆ. ಅದಕ್ಕೂ ಹಿರಿಯದಾದ ಲಿಸ್ಪ್ ಎಂಬ ಗಣಕಭಾಷೆಯಲ್ಲಿ 'ನಿಲ್' ಎಂಬ ಒಂದೇ ಪದ ಖಾಲಿ ಪಟ್ಟಿಯೂ ಹೌದು, 'ಸುಳ್ಳು' ಎಂಬ ತೀರ್ಪೂ ಹೌದು, ಒಂದು ಹೆಸರೂ ಹೌದು. ಒಬ್ಬನೇ ನಟ ಮೂರು ವೇಷ ಹಾಕಿದ ಹಾಗೆ. ಲಿಸ್ಪ್‌ನ ವಂಶದಲ್ಲೇ ಹುಟ್ಟಿದ ಸ್ಕೀಮ್ ಭಾಷೆ ಮುಂದೆ ಸುಳ್ಳನ್ನೂ ಖಾಲಿಯನ್ನೂ ಬೇರ್ಪಡಿಸಿತು. ಎಡಿನ್‌ಬರೋ ಪ್ರೋಲಾಗಿನಲ್ಲಿ ಸೋಲು ಬೇರೆಯಾಗಿಯೇ ಇದ್ದುದರಿಂದ ಒಂದು ವೇಷ ಕಡಿಮೆಯಾಯಿತು. ಆದರೆ ಖಾಲಿ ಪಟ್ಟಿಯನ್ನು ಅಲ್ಲಿಯೂ ಹೆಸರುಗಳ ಗುಂಪಿನಲ್ಲೇ ಸೇರಿಸಿದರು. ರಾಮಣ್ಣ ಹೇಗೆ ಒಂದು ಹೆಸರೋ ಹಾಗೆಯೇ ಎರಡು ಆವರಣಗಳಿಂದಾದ ಆ ಗುರುತೂ ಒಂದು ಹೆಸರು. 1995ರಲ್ಲಿ ಈ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಸಿದ್ಧವಾದಾಗಲೂ ಅದೇ ನಿಂತಿತು. ಇದರ ಫಲವಾಗಿ ಒಂದು ವಿನೋದ: ಖಾಲಿ ಪಟ್ಟಿಯ ಉದ್ದವೆಷ್ಟು ಎಂದು ಅದನ್ನು ಪಟ್ಟಿಯೆಂದು ಭಾವಿಸಿ ಕೇಳಿದರೆ ಸೊನ್ನೆ, ಹೆಸರೆಂದು ಭಾವಿಸಿ ಅಕ್ಷರಗಳನ್ನು ಎಣಿಸು ಎಂದರೆ ಎರಡು, ಏಕೆಂದರೆ ಆವರಣಗಳು ಎರಡಿವೆ!

ವಿನೋದವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹಳೆಯ ಪ್ರೋಲಾಗ್‌ಗಳಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆದ ಮಾತು ಅಕ್ಷರಸಂಕೇತಗಳ ಪಟ್ಟಿಯಾಗುತ್ತಿತ್ತು. ಹಾಗಾಗಿ ಒಂದಕ್ಷರವೂ ಇಲ್ಲದ ಮಾತು ಎಂದರೆ ಖಾಲಿ ಪಟ್ಟಿಯೇ. ಒಬ್ಬನ ತಂದೆಯ ಹೆಸರನ್ನು ಬರೆಯುವ ಕಡೆ ಏನೂ ಬರೆದಿಲ್ಲ ಎನ್ನುವುದಕ್ಕೂ, ಅವನ ಮಕ್ಕಳ ಪಟ್ಟಿಯಲ್ಲಿ ಯಾರೂ ಇಲ್ಲ ಎನ್ನುವುದಕ್ಕೂ ಯಂತ್ರದಲ್ಲಿ ಭೇದವಿಲ್ಲದೆ ಹೋಯಿತು. ಆಮ್‌ಸ್ಟರ್‌ಡ್ಯಾಮಿನ ಯಾನ್ ವಿಲೆಮಾಕರ್ ಎಂಬುವರು 1987ರಿಂದ ಬೆಳೆಸಿಕೊಂಡು ಬಂದಿರುವ ಎಸ್‌ಡಬ್ಲ್ಯುಐ ಪ್ರೋಲಾಗಿನ ಏಳನೆಯ ಆವೃತ್ತಿ 2010ರ ದಶಕದಲ್ಲಿ ಬಂದಾಗ, ಖಾಲಿ ಪಟ್ಟಿಯನ್ನು ಹೆಸರುಗಳ ಪಂಕ್ತಿಯಿಂದ ಎಬ್ಬಿಸಿ ಅದಕ್ಕೆ ಬೇರೆ ಮಣೆ ಹಾಕಿದರು. ಅಲ್ಲಿಂದಾಚೆಗೆ ಅದರಲ್ಲಿ ಎರಡು ಆವರಣಗಳಿಂದಾದ ಹೆಸರು ಬೇರೆ, ಖಾಲಿ ಪಟ್ಟಿ ಬೇರೆ. ಮಾನಕವನ್ನು ಮೀರಿದ್ದು ತಪ್ಪೆಂದು ಆಕ್ಷೇಪಿಸುವವರಿಗೂ ನ್ಯಾಯವಿದೆ. ಹಳೆಯ ಕ್ರಮವಿಧಿಗಳು ಹೊಸ ಮನೆಯಲ್ಲಿ ಹೊಂದಿಕೊಳ್ಳದೆ ಹೋಗಬಹುದು. ನನ್ನ ಒಲವು ಮಾತ್ರ ಬೇರ್ಪಡಿಸಿದವರ ಕಡೆಗೆ. ಕೆಂಗೇರಿಯ ಆ ಕೈಚೀಲವನ್ನು ಕಂಡವನಿಗೆ ಇನ್ನೇನು ಒಲವಿದ್ದೀತು?

ಶೂನ್ಯದ ಮಾತು ಬಂದಾಗ ಅಲ್ಲಮನನ್ನು ನೆನೆಯುವುದು ಕನ್ನಡಿಗರ ರೂಢಿ. ಆ ಶೂನ್ಯ ಬೇರೆ, ಅದನ್ನು ಇಲ್ಲಿಗೆ ಎಳೆಯುವುದು ಉಚಿತವಲ್ಲ. ನಮಗೆ ಇಲ್ಲಿ ಸಂಬಂಧಪಡುವ ಹಿರಿಯರು ಇಬ್ಬರು ಬೇರೆಯೇ ಇದ್ದಾರೆ: ಒಬ್ಬರು ಗಣಿತದವರು, ಒಬ್ಬರು ವ್ಯಾಕರಣದವರು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಬರೆದ. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಸರಿಯಾಗಿಯೇ ಹೇಳಿದವನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಉಳಿಯುತ್ತದೆ ಎಂದುಬಿಟ್ಟ. ಇದು ತಪ್ಪು. ಆದರೆ ಎಂಥ ಸಹಜವಾದ ತಪ್ಪು! ಹತ್ತು ಹಣ್ಣುಗಳನ್ನು ಹಂಚಬೇಕು, ತೆಗೆದುಕೊಳ್ಳುವವರು ಯಾರೂ ಇಲ್ಲ. ಹಾಗಾದರೆ ಹಂಚಿಕೆ ನಡೆಯಲೇ ಇಲ್ಲ, ಹಣ್ಣು ಹತ್ತೂ ಬುಟ್ಟಿಯಲ್ಲೇ ಉಳಿದವು ಎಂದು ಆತ ಯೋಚಿಸಿರಬಹುದು. 'ಸೊನ್ನೆ ಜನರಿಗೆ ಹಂಚಿದೆ' ಎಂಬುದನ್ನೂ 'ಹಂಚಲಿಲ್ಲ' ಎಂಬುದನ್ನೂ ಒಂದೇ ಎಂದು ಭಾವಿಸಿದಂತಾಯಿತು. ಅಷ್ಟು ದೊಡ್ಡ ಗಣಿತಜ್ಞನೇ ಇಲ್ಲಿ ಜಾರಿದ ಮೇಲೆ ನನ್ನಂಥ ಗುಮಾಸ್ತನ ರುಜುವಿನ ಮಾತೇನು.

ವ್ಯಾಕರಣದವರು ಜಾರಲಿಲ್ಲ. ಶಾಲೆಯಲ್ಲಿ ನಾವೆಲ್ಲ ಲೋಪಸಂಧಿಯನ್ನು ಕಲಿತವರು. ಊರು ಎಂಬುದಕ್ಕೆ ಅಲ್ಲಿ ಸೇರಿ ಊರಲ್ಲಿ ಆದಾಗ ಉಕಾರ ಲೋಪವಾಯಿತು ಎನ್ನುತ್ತೇವೆ. ಲೋಪವೆಂಬ ಈ ಪರಿಭಾಷೆಯನ್ನು ನಮಗೆ ಕೊಟ್ಟ ಪಾಣಿನಿ, ಕಾಣದಿರುವುದಕ್ಕೆ ಆ ಹೆಸರಿಟ್ಟ. ಪ್ರತ್ಯಯವೊಂದು ಲೋಪವಾದರೂ ಅದರಿಂದಾಗಬೇಕಾದ ಕಾರ್ಯ ಉಳಿಯುತ್ತದೆಂದೂ ವಿಧಿಸಿದ. ಅವನ ಬಳಿ ಕ್ವಿಪ್ ಎಂಬ ಒಂದು ಪ್ರತ್ಯಯವಿದೆ. ಅದು ಧಾತುವಿಗೆ ಹತ್ತಿದೊಡನೆ ಅದರ ಎಲ್ಲ ವರ್ಣಗಳೂ ಅಳಿಸಿಹೋಗುತ್ತವೆ. ಹೆಸರಿದೆ, ಕೆಲಸವಿದೆ, ದೇಹವಿಲ್ಲ. ಎರಡು ಆವರಣಗಳ ಹೆಸರು ಹೊತ್ತು ಒಳಗೆ ಏನೂ ಇಲ್ಲದ ನಮ್ಮ ಖಾಲಿ ಪಟ್ಟಿಗೆ ಇವನು ದೂರದ ಅಜ್ಜ.

ಕನ್ನಡದಲ್ಲಿ ಇಂಥ ದೇಹವಿಲ್ಲದ ಪ್ರತ್ಯಯಗಳು ಹೇರಳ. 'ನೀರನ್ನು ಕುಡಿದೆ' ಎಂದೂ ಹೇಳುತ್ತೇವೆ, 'ನೀರು ಕುಡಿದೆ' ಎಂದೂ ಹೇಳುತ್ತೇವೆ. ಎರಡನೆಯದರಲ್ಲಿ ದ್ವಿತೀಯಾ ವಿಭಕ್ತಿ ಕಾಣುವುದಿಲ್ಲ. ಆದರೆ ನೀರೇ ಕುಡಿಯಿತೆಂದು ಯಾರೂ ಅರ್ಥಮಾಡುವುದಿಲ್ಲ. 'ಹತ್ತು ಮರ' ಎಂದಾಗ ಬಹುವಚನ ಕಾಣುವುದಿಲ್ಲ, ಇದೆ. 'ಮಾಡು' ಎಂದು ಗದರಿಸಿದಾಗ 'ನೀನು' ಎಂಬುದು ಕಾಣುವುದಿಲ್ಲ, ಇದೆ. ಪ್ರೋಲಾಗಿನಲ್ಲಿ ಕನ್ನಡದ ಒಂದು ಸಣ್ಣ ವ್ಯಾಕರಣವನ್ನು ಬರೆಯಲು ಕುಳಿತವನಿಗೆ ಇದು ಮೊದಲ ದಿನವೇ ಎದುರಾಗುತ್ತದೆ. ನನಗೂ ಹಾಗೆಯೇ ಆಯಿತು. ಅಲ್ಲಿ ವಾಕ್ಯವೆಂದರೆ ಪದಗಳ ಅಥವಾ ಪದಖಂಡಗಳ ಒಂದು ಪಟ್ಟಿ. ವ್ಯಾಕರಣದ ಪ್ರತಿ ಸೂತ್ರವೂ ಪಟ್ಟಿಯ ಮುಂಭಾಗದಿಂದ ತನಗೆ ಸಲ್ಲುವುದನ್ನು ತಿಂದು, ಮಿಕ್ಕದ್ದನ್ನು ಮುಂದಿನ ಸೂತ್ರಕ್ಕೆ ದಾಟಿಸುತ್ತದೆ. ದ್ವಿತೀಯಾ ವಿಭಕ್ತಿಗೆ ಎರಡು ಸೂತ್ರ: ಒಂದು, 'ಅನ್ನು' ಎಂಬುದನ್ನು ತಿನ್ನು. ಇನ್ನೊಂದು, ಖಾಲಿ ಪಟ್ಟಿ; ಎಂದರೆ ಏನನ್ನೂ ತಿನ್ನದೆ ಮುಂದಕ್ಕೆ ದಾಟಿಸು, ಆದರೆ ವಿಭಕ್ತಿ ಬಂದಿತೆಂದು ಬರೆದುಕೊ. ಎಲ್ಲ ಸೂತ್ರಗಳೂ ಉಂಡಾದ ಮೇಲೆ ಎಲೆಯಲ್ಲಿ ಖಾಲಿ ಪಟ್ಟಿ ಮಾತ್ರ ಉಳಿದರೆ ವಾಕ್ಯ ಶುದ್ಧ. ಸೂತ್ರದಲ್ಲಿ 'ಏನೂ ಬೇಕಾಗಿಲ್ಲ' ಎನ್ನಲು ಒಮ್ಮೆ, ಕೊನೆಗೆ 'ಏನೂ ಮಿಕ್ಕಿಲ್ಲ' ಎನ್ನಲು ಇನ್ನೊಮ್ಮೆ, ಅದೇ ಒಂದು ಗುರುತು ಎರಡು ಬಾರಿ ಬಂದಿತು. ಒಂದು ಅಪಾಯವೂ ಉಂಟೆನ್ನಿ: 'ಬೇಕಾದಷ್ಟು ಸಲ ತಿನ್ನು' ಎಂಬ ಸೂತ್ರದೊಳಗೆ ಖಾಲಿಯನ್ನು ಇಟ್ಟರೆ ಯಂತ್ರ ಏನೂ ಇಲ್ಲದುದನ್ನು ಎಡೆಬಿಡದೆ ತಿನ್ನುತ್ತ ಕೂತುಬಿಡುತ್ತದೆ. ಗಾಳಿ ಉಣ್ಣುವವನಿಗೆ ತೇಗು ಬರುವುದೆಂದು?

ಪಾಣಿನಿಗೂ ಗಣಕಕ್ಕೂ ನಂಟು ಕಲ್ಪಿಸುವ ಉತ್ಸಾಹ ನಮ್ಮ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಜೋರಾಗಿತ್ತು. 1985ರಲ್ಲಿ ಅಮೆರಿಕದ ರಿಕ್ ಬ್ರಿಗ್ಸ್ ಎಂಬುವರು ಸಂಸ್ಕೃತ ಶಾಸ್ತ್ರಕಾರರ ವಾಕ್ಯವಿಶ್ಲೇಷಣೆಗೂ ಕೃತಕ ಬುದ್ಧಿಯವರ ಜ್ಞಾನನಿರೂಪಣೆಗೂ ಇರುವ ಹೋಲಿಕೆಯನ್ನು ಕುರಿತು ಒಂದು ಲೇಖನ ಬರೆದರು. 1986ರ ಡಿಸೆಂಬರಿನಲ್ಲಿ ಇದೇ ವಿಷಯದ ರಾಷ್ಟ್ರೀಯ ಸಮ್ಮೇಳನ ಈ ಊರಿನಲ್ಲೇ ನಡೆದು ಪಂಡಿತರೂ ಗಣಕತಜ್ಞರೂ ಒಟ್ಟಿಗೆ ಕುಳಿತರು. ಆ ಲೇಖನ ಬಾಯಿಂದ ಬಾಯಿಗೆ ಹರಡಿ, ಸಂಸ್ಕೃತವೇ ಗಣಕಕ್ಕೆ ಎಲ್ಲಕ್ಕಿಂತ ತಕ್ಕ ಭಾಷೆಯೆಂದು ಅಮೆರಿಕವೇ ಒಪ್ಪಿಬಿಟ್ಟಿದೆ ಎಂಬ ರೂಪ ತಾಳಿತು. ಲೇಖನ ಹೇಳಿದ್ದು ಅಷ್ಟನ್ನಲ್ಲ. ನನಗೆ ಕಾಣುವಂತೆ ಪಾಣಿನಿಯಿಂದ ಗಣಕದವರು ಕಲಿಯಬಹುದಾದದ್ದು ಒಂದು ಭಾಷೆಯ ಹಿರಿಮೆಯನ್ನಲ್ಲ. ಕಾಣದ ವಸ್ತುವಿಗೂ ಲೆಕ್ಕಪುಸ್ತಕದಲ್ಲಿ ಒಂದು ಸಾಲು ತೆರೆಯುವ ಆ ಶಿಸ್ತನ್ನು.

ಕಾರ್ಖಾನೆಯ ಕತೆಯನ್ನು ಅರ್ಧಕ್ಕೆ ಬಿಟ್ಟೆ. ಕೆಂಗೇರಿಯ ಆ ತಾಯಿಗೆ ಹಣ ಸಂದ ಮೇಲೆ ನಾನು ಮೇಲಿನವರ ಅನುಮತಿ ಪಡೆದು ಎಲ್ಲ ಕೆಲಸಗಾರರ ನಮೂನೆಗಳನ್ನೂ ಹೊಸದಾಗಿ ತುಂಬಿಸಿದೆ. ಅಂಕಣವನ್ನು ಖಾಲಿ ಬಿಡುವಂತಿಲ್ಲ. ಯಾರೂ ಇಲ್ಲದಿದ್ದರೆ 'ಇಲ್ಲ' ಎಂದು ಸ್ವಹಸ್ತದಿಂದ ಬರೆದು ಕೆಳಗೆ ಅಡ್ಡಗೆರೆ ಎಳೆಯಬೇಕು. ಶೆಟ್ಟರ ಅಂಗಡಿಯ ಕಾನೂನನ್ನೇ ಜಾರಿಗೆ ತಂದೆನೆನ್ನಬಹುದು. ವಿಜಯನಗರದ ಕಡೆಯಿಂದ ಬರುತ್ತಿದ್ದ ಒಬ್ಬ ಯುವಕ, ಮದುವೆಯಾಗಿ ಆರೇಳು ವರ್ಷವಾಗಿದ್ದವನು, ಮಕ್ಕಳ ಅಂಕಣಕ್ಕೆ ಬಂದು ಪೆನ್ನು ಕೆಳಗಿಟ್ಟ.

"ಇಲ್ಲ ಅಂತ ಬರೀಬೇಕಪ್ಪ" ಎಂದೆ.

"ಆ ಮಾತು ಕೈಯಾರ ಬರೆಯೋದು ಬೇಡ ಸಾರ್. ಮನೇಲಿ ಗೊತ್ತಾದರೆ ಬೇಜಾರು ಮಾಡ್ಕೋತಾಳೆ."

ಖಾಲಿ ಬಿಡುವಂತಿಲ್ಲವೆಂದು ನಾನು ಹಠ ಹಿಡಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ 'ಇನ್ನೂ ಇಲ್ಲ' ಎಂದು ಬರೆದ. ಗೆರೆ ಎಳೆಯಲಿಲ್ಲ. ನಾನೂ ಎಳೆ ಎನ್ನಲಿಲ್ಲ. ನಮೂನೆಯ ಕೆಳಗೆ 'ಪರಿಶೀಲಿಸಿದೆ' ಎಂದು ರುಜು ಹಾಕಿ ಕಡತಕ್ಕೆ ಸೇರಿಸಿದೆ.